ಹದಿನಾಲ್ಕನೇ ಚಾನೆಲ್ಲು

ನನ್ನಂಥ ಶಾಣ್ಯಾ ಜೋರಾಪುರ ಪೇಟೆಯಲ್ಲೇ ಇಲ್ಲ ಎಂದು ತಿಳಿದಿದ್ದ ವಯಸ್ಸಿನಲ್ಲಿ ನಾನು ಅಪ್ಪನ ಸಿಬಿ ರೇಡಿಯೊ, ಅಂದರೆ ಎರಡೂ ಕಡೆಯಿಂದ ಮಾತಾಡುವ ವೈರ್‌ಲೆಸ್ ಸೆಟ್ಟು, ಬಿಚ್ಚಿದ್ದೆ. ಮೊನ್ನೆ ಅಟ್ಟದ ಸಾಮಾನು ಇಳಿಸುವಾಗ ಅದು ಮತ್ತೆ ಕೈಗೆ ಸಿಕ್ಕಿತು. ಮೈಕಿನ ಗುಂಡಿ ಅಪ್ಪನ ಹೆಬ್ಬೆರಳಿಗೆ ಸವೆದು ನುಣ್ಣಗಾಗಿದೆ.

ಹಳ್ಳಿಯ ಫೋನು ನೆಟ್ಟಗೆ ಹತ್ತದ ಕಾಲದಲ್ಲಿ ಇಂಥ ಎರಡು ಸೆಟ್ಟುಗಳಿದ್ದವು. ಒಂದು ನಮ್ಮಲ್ಲಿ, ಇನ್ನೊಂದು ಬಬಲೇಶ್ವರದಾಚೆ ಜೈನಾಪುರದ ಹೊಲದ ಮನೆಯಲ್ಲಿ, ಅಪ್ಪನ ತಮ್ಮ ಕಾಕಾನ ಹತ್ತಿರ. ದಿನಾ ಸಂಜೆ ಆರಕ್ಕೆ ಹದಿನಾಲ್ಕನೇ ಚಾನೆಲ್ಲಿನಲ್ಲಿ ಅಣ್ಣತಮ್ಮರ ಮಾತು. ಸಣ್ಣವನು ಕರೆಯಬೇಕು, ದೊಡ್ಡವನು ಓಗೊಡಬೇಕು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ನಮ್ಮ ಮನೆತನದ ರೀತಿಯೇ ಹಾಗೆ.

ಒಂದು ಸಂಜೆ ಅಪ್ಪ ಚೇಷ್ಟೆಗೆ, "ಏನಪಾ, ಈ ಸಲ ಎಂಥಾ ಜ್ವಾಳ ಕಳಿಸೀಯೋ? ರೊಟ್ಟಿ ಬಡದ್ರ ಹರದ ಹೊಕ್ಕಾವ" ಅಂದ. ಕಾಕಾ ನಗಲಿಲ್ಲ. ಮರುದಿನ ಮಧ್ಯಾಹ್ನವೇ, ರಜೆಗೆ ಮನೆಗೆ ಬಂದಿದ್ದ ನಾನು ಸೆಟ್ಟು ಬಿಚ್ಚಿದ್ದು. ಹೆಚ್ಚಿನ ಚಾನೆಲ್ಲು ಸಿಗುತ್ತವೆಂದು ಡಿಪ್ಲೊಮಾದ ಗೆಳೆಯ ಹೇಳಿಕೊಟ್ಟಂತೆ ಬೋರ್ಡಿನ ಒಂದು ತಾಮ್ರದ ಗೆರೆ ಕೊಯ್ದು, ನೀಲಿ ವೈರು ಬೆಸೆದು, ಮುಚ್ಚಳ ಹಾಕಿದೆ. ಕಾಯ್ದೆಗೆ ಒಪ್ಪದ ಕೆಲಸ. ಹೇಳಿದ್ದರೆ ಅಪ್ಪ ಕಪಾಳಕ್ಕೆ ಬಿಡುತ್ತಿದ್ದ. ಬಾಯಿ ಮುಚ್ಚಿಕೊಂಡು ಅಂದೇ ಹಾಸ್ಟೆಲಿನ ಬಸ್ಸು ಹತ್ತಿದೆ.

ಅಂದಿನಿಂದ ಕಾಕಾನ ದನಿ ಬರಲಿಲ್ಲ. ಅಪ್ಪ ಎಂಟು ದಿನ ಸೆಟ್ಟಿನ ಮುಂದೆ ಕಾದು ಕುಳಿತನಂತೆ, ತಾನಾಗಿ ಗುಂಡಿ ಒತ್ತಲಿಲ್ಲ. "ಜ್ವಾಳದ ಮಾತಿಗೆ ಸಿಟ್ಟಾಗ್ಯಾನ" ಎಂದು ಅವ್ವನಿಗೆ ಹೇಳಿ ಅದನ್ನು ಅಟ್ಟಕ್ಕೇರಿಸಿದ. ದಸರೆಗೆ ಕಾಕಾ ಬಂದ, ಬನ್ನಿ ಕೊಟ್ಟ, ಕಾಲು ಮುಟ್ಟಿದ, ಉಂಡು ಹೋದ. ರೇಡಿಯೊ ಸುದ್ದಿ ಇಬ್ಬರೂ ಎತ್ತಲಿಲ್ಲ. ಹೀಗೇ ಎಷ್ಟೋ ದಸರೆ ಕಳೆದವು. ಅಪ್ಪನೂ ಹೋದ. ಕಾಕಾನದೇ ಮುನಿಸು ಎಂದು ನಾನೂ ನಂಬಿದ್ದೆ.

ಮೊನ್ನೆ ಟಿಕೋಟಾದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಇನ್ನೊಬ್ಬ ಗೆಳೆಯನಲ್ಲಿ ಸೆಟ್ಟಿಗೆ ತರಂಗಾಂತರ ಅಳೆಯುವ ಮೀಟರ್ ಹಚ್ಚಿದೆವು. ಸೆಟ್ಟು ಹದಿನಾಲ್ಕು ತೋರಿಸಿದರೆ ಮೀಟರ್ ಹೇಳಿದ್ದೇ ಬೇರೆ. ನಲವತ್ತೂ ಚಾನೆಲ್ಲು ಒಟ್ಟಿಗೇ ಮೇಲೆ ಸರಿದಿದ್ದವು, ಅಂಕಿ ಮಾತ್ರ ಹಳೆಯವೇ. "ಯಾವ ಹುಚ್ಚಪ್ಯಾಲಿ ಮಾಡ್ಯಾನಲೇ ಇದನ್ನ?" ಎಂದ ಗೆಳೆಯ. ಹದಿನಾಲ್ಕು ಎಂದು ನಂಬಿ ಅಪ್ಪ ಕಾದದ್ದು ಕಾಕಾ ಇಲ್ಲದ ಜಾಗದಲ್ಲಿ!

ನೀಲಿ ವೈರು ಬಿಡಿಸಿದೆ. ಕೊಯ್ದ ಗೆರೆಯನ್ನು ಕೆರೆದು ಬೆಸುಗೆ ಹಾಕಿ ಕೂಡಿಸಿದೆ. ಒಂದರಿಂದ ನಲವತ್ತರವರೆಗೆ ಮೀಟರಿನಲ್ಲಿ ತಾಳೆ ನೋಡಿದೆ. ಎಲ್ಲ ಸೇರಿ ಅರ್ಧ ತಾಸಿನ ಕೆಲಸ.

ಕಾಕಾ ತನ್ನ ಸೆಟ್ಟನ್ನು ಗೋಡೆಯಿಂದ ಇಳಿಸಿಯೇ ಇರಲಿಲ್ಲ. ಮೊಬೈಲಿನಲ್ಲಿ ಹೇಳಿ ಅದನ್ನು ಹಚ್ಚಿಸಿದೆ. ಸಂಜೆ ಆರಕ್ಕೆ ನಮ್ಮ ಮನೆ ಮಾಳಿಗೆಯ ಹಳೇ ಆಂಟೆನಾಕ್ಕೆ ವೈರು ಕೂಡಿಸಿ ಕರೆದೆ. ಅವನು ಓಗೊಟ್ಟ. ನಡೆದದ್ದನ್ನೆಲ್ಲ ಹೇಳಿದೆ.

ಗರಗರದ ನಡುವೆ ಕಾಕಾನ ದನಿ ಬಂತು, "ನಾ ಒಂದ ತಿಂಗಳ ದಿನಾ ಕರದೀನಲೇ. ಅಣ್ಣ ಜ್ವಾಳಕ್ಕ ಸಿಟ್ಟಾಗ್ಯಾನ, ಅದಕ್ಕ ಓ ಅನ್ನವಲ್ಲ ಅಂತ ತಿಳದಿದ್ದೆ."

"ಸಿಟ್ಟ ಇದ್ದಿಲ್ಲ ಕಾಕಾ. ಅದ ಜ್ವಾಳದ ರೊಟ್ಟೀನ ವರ್ಷಪೂರ್ತಿ ಉಂಡಾನ. ತಪ್ಪು ನಂದು."

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

"ಆತು," ಅಂದ ಕಾಕಾ. "ನಾಳಿಂದ ಆರಕ್ಕ ನೀ ಕರಿ. ಈಗ ಸಣ್ಣಾವ ನೀನ. ನಾ ಕುಂತಿರ್ತೀನಿ."