ರಾಜಮತಿಯ ಹೆಸರಿನ ಪಗಾರ

ನಮ್ಮಂಥ ಪಗಾರದವರ ತೆರಿಗೆಯನ್ನು ದುಡ್ಡು ಕೈಗೆ ಬರುವ ಮೊದಲೇ ಕಡಿದುಕೊಳ್ಳುತ್ತಾರೆ. ಕೆಲವರ ಪಗಾರವಂತೂ ಕಡಿಯುವವನಿಗೇ ಮರುಕ ಬರುವಷ್ಟು. ಹೀಗಾಗಿ ತೆರಿಗೆ ಉಳಿಸುವ ಜಾಣತನ ಕಲಿಯುವ ತೊಂದರೆ ನಮಗಿಲ್ಲ. ಬೋರಗಾಂವದ ಧರಣೇಂದ್ರನಿಗೆ ಆ ತೊಂದರೆ ಬಂದದ್ದು ತೊಂಬತ್ತೈದರಲ್ಲಿ.

ಅವನ ಎಂಟು ಪವರ್‌ಲೂಮ್ ಆ ವರ್ಷ ಚೆನ್ನಾಗಿ ನಡೆದಿದ್ದವು. ನಿಪ್ಪಾಣಿಯ ವಕೀಲರು ದಾರಿ ಹೇಳಿದರು: ಹೆಂಡತಿ ರಾಜಮತಿಯನ್ನು ಪಾಲುದಾರಳನ್ನಾಗಿ ಮಾಡಿ ತಿಂಗಳಿಗೆ ಮೂರು ಸಾವಿರ ಪಗಾರ ಬರೆದರೆ, ಗಳಿಕೆ ಇಬ್ಬರಲ್ಲಿ ಹಂಚಿಹೋಗಿ ತೆರಿಗೆ ಇಳಿಯುತ್ತದೆ. ಷರತ್ತು ಒಂದೇ, ಅವಳು ನಿಜಕ್ಕೂ ಕೆಲಸ ಮಾಡುತ್ತಿರಬೇಕು. ರಾಜಮತಿಯ ಹೆಸರಿಗೆ ಪಾಸ್‌ಬುಕ್ಕು ಬಂತು. ಬಂದದ್ದು ನೆಟ್ಟಗೆ ಗಂಡನ ತಿಜೋರಿ ಸೇರಿತು. ಬ್ಯಾಂಕಿನ ಖಾಲಿ ಚೀಟಿಗೆ ಅವಳ ಸಹಿ ಹಾಕಿಸಿ ರೊಕ್ಕ ತೆಗೆಯುತ್ತಿದ್ದವನು ಅವನೇ.

ರಾಜಮತಿಗೆ ಬೇಕಾದದ್ದು ಒಂದು ಹೊಸ ಕಂಡಿಕೆ ಮಷೀನು. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ, ಅಂದರೆ ಕಂಡಿಕೆಗೆ, ನೂಲು ಸುತ್ತುವ ಹಳೆಯ ಮಷೀನು ದಿನಕ್ಕೆ ನಾಲ್ಕು ಸಲ ಅವಳ ಬೆರಳು ಸೀಳುತ್ತಿತ್ತು.

"ನನ್ನ ಪಗಾರದಾಗರ ತರ್ರಿ."

"ನಿನ್ನ ಪಗಾರಂತ! ಅದು ಕಾಗದದ ಮ್ಯಾಲಿಂದು. ಹುಚ್ಚಿ ಅದಿಯೇನ?"

ಅಷ್ಟರಲ್ಲಿ ತೆರಿಗೆ ಕಚೇರಿಯಿಂದ ಕಾಗದ ಬಂತು: ಇಬ್ಬರೂ ಹಾಜರಾಗಬೇಕು. ಧರಣೇಂದ್ರ ಮೂರು ದಿನ ಹೆಂಡತಿಗೆ ಪಾಠ ಹೇಳಿದ.

"ನೂಲು ಖರೀದಿ ನಾನ ಮಾಡ್ತೇನಿ ಅನ್ನು. ರೊಕ್ಕ ಯಾರದಂತ ಕೇಳಿದ್ರ ನಂದ ಅನ್ನು."

"ನಾ ಮಾಡೂ ಕೆಲಸಾನ ಹೇಳಿದ್ರ ಆಗೂದಿಲ್ಲೇನ್ರಿ?"

"ಕಂಡಿಕಿ ಸುತ್ತೂದು ಒಂದ ಕೆಲಸೇನ? ಸಾಹೇಬ ನಗ್ತಾನ."

ಕಚೇರಿಯಲ್ಲಿ ಸಾಹೇಬರು ನೂಲಿನ ದರ ಕೇಳಿದರು. ರಾಜಮತಿ ಬಾಯಿಪಾಠ ಮರೆತಳು. ಧರಣೇಂದ್ರ ಮೇಜಿನ ಕೆಳಗೆ ಅವಳ ಕಾಲು ತುಳಿದ. ಸಾಹೇಬರು ಅವಳ ಪಗಾರದ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದರು.

"ನೂಲು ನಾ ತರೂದಿಲ್ರಿ," ಎಂದಳು ರಾಜಮತಿ, ಕಾಲು ಹಿಂದಕ್ಕೆಳೆದುಕೊಂಡು. "ನಸುಕಿನ್ಯಾಗ ಎದ್ದು ಎಂಟೂ ಮಗ್ಗಕ್ಕ ಕಂಡಿಕಿ ಸುತ್ತಿ ಕೊಡ್ತೇನ್ರಿ. ಎಳಿ ಹರಿದ್ರ ಕೂಡಸ್ತೇನಿ. ನೇಕಾರ ಬರದಿದ್ರ ಮಗ್ಗದ ಮುಂದ ನಾನ ನಿಲ್ತೇನಿ. ಶನಿವಾರ ನೇಕಾರರಿಗೆ ಬಟವಡೆ ಕೊಡಾಕಿನೂ ನಾನ."

ಸಾಹೇಬರು ಅವಳ ಬೆರಳಿಗೆ ಸುತ್ತಿದ ಬಟ್ಟೆಚಿಂದಿ ನೋಡಿದರು. ಆಮೇಲೆ ಧರಣೇಂದ್ರನ ಬೆರಳು ನೋಡಿದರು. ಅಲ್ಲಿ ಮೂರು ಉಂಗುರ.

"ಒಂದು ಕಂಡಿಕೆಯ ನೂಲು ಮಗ್ಗದಲ್ಲಿ ಎಷ್ಟು ಹೊತ್ತು ನಡೆಯುತ್ತೆ?" ಎಂದು ಅವನನ್ನು ಕೇಳಿದರು.

"ಅದು... ಒಂದ ತಾಸರ ನಡೀತೈತ್ರಿ."

ರಾಜಮತಿ ಬಾಯಿಗೆ ಸೆರಗು ಹಿಡಿದಳು. "ತಾಸು ನಡದಿದ್ರ ನಾ ಮಧ್ಯಾಹ್ನ ಮಲಗತಿದ್ನಿರಿ. ಎಣಿಸಿ ಐದ ಮಿನಿಟ ಸೈತ ಬರೂದಿಲ್ಲ."

"ನಿಮ್ಮ ಯಜಮಾನರು ಏನು ಮಾಡ್ತಾರಮ್ಮ?"

"ದಿನಾ ಇಚಲಕರಂಜಿಗೆ ಹೋಗ್ತಾರ್ರಿ."

"ಅಲ್ಲಿ?"

"ಅದನ್ನ ನನಗೂ ಹೇಳಿಲ್ರಿ."

ರಾಜಮತಿಯ ಪಗಾರ ಉಳಿಯಿತು. ಪುರಾವೆಗೆಂದು ತಂದಿದ್ದ ಪಾಸ್‌ಬುಕ್ಕನ್ನು ಸಾಹೇಬರು ಹೆಸರು ಓದಿ ಅವಳ ಕೈಗೇ ಕೊಟ್ಟರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬಸ್ಸಿನಲ್ಲಿ ಧರಣೇಂದ್ರ ಹಲ್ಲು ಕಚ್ಚಿ ಕೈ ಚಾಚಿದ. "ತಾ ಇಲ್ಲೆ. ಮಂದ್ಯಾಗ ನನ್ನ ಮಾನಾ ಕಳದಿ."

"ರೊಕ್ಕ ನಂದ ಅನ್ನು ಅಂತ ನೀವ ಕಲಿಸೀರಿ."

"ಅದು ಸಾಹೇಬನ ಮುಂದ!"

"ಮೂರ ದಿನ ಕಲಿಸೀರಿ, ಹೆಂಗ ಮರೀಲಿ?"

ಮುಂದೆ ಖಾಲಿ ಚೀಟಿ ಎರಡು ಸಲ ಬಂತು. ಒಂದರಲ್ಲಿ ಅವಳು ಒಲೆ ಹಚ್ಚಿದಳು, ಇನ್ನೊಂದನ್ನು ಎದುರಿಗೇ ಹರಿದಳು. ಧರಣೇಂದ್ರ ಅವಳೊಂದಿಗೆ ಮಾತು ಬಿಟ್ಟ. ಪಾಲುದಾರಿಕೆ ಬಿಡಲಿಲ್ಲ, ಬಿಟ್ಟರೆ ತೆರಿಗೆ ಏರುತ್ತಿತ್ತಲ್ಲ!

ಎರಡನೇ ತಿಂಗಳು ರಾಜಮತಿಯ ಪಗಾರದ ರೊಕ್ಕದಲ್ಲಿ ಕೊಂಡ ಹೊಸ ಕಂಡಿಕೆ ಮಷೀನು ಟೆಂಪೋದಲ್ಲಿ ಬಂತು. ಇಳಿಸುವಾಗ ಧರಣೇಂದ್ರ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

"ಕೈ ಹಚ್ಚಾಕ ಅವರನ್ನ ಕರೀಬ್ಯಾಡ್ರಪಾ," ಎಂದಳು ರಾಜಮತಿ ಹಮಾಲರಿಗೆ. "ಉಂಗುರ ಸವೀತಾವು."