ಚಿಕ್ಕಪ್ಪನ ಫಿಲ್ಟರಿನಲ್ಲಿ ನಾನು ಬೆಳ್ಳಗಾದದ್ದು

ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತ ವರ್ಷ ನಮ್ಮ ಚಿಕ್ಕಪ್ಪ ಮೈಸೂರಿನಿಂದ ಒಂದು ಹಳೆಯ ಕ್ಯಾಮೆರಾ ಕೊಂಡು ತಂದ. ಚಿಕ್ಕಪ್ಪ ಅಪ್ಪನ ತಮ್ಮ. ಹುಣಸೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ಹಾರನಹಳ್ಳಿ ಕಡೆಯ ನಮ್ಮ ಮನೆಯಲ್ಲೇ ಇದ್ದು ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದ. ಕ್ಯಾಮೆರಾ ಬಂದ ಮೊದಲ ವಾರ ಅದರೊಳಗೆ ರೀಲು ಇರಲಿಲ್ಲ. ಎರಡನೆಯ ವಾರವೂ ಇರಲಿಲ್ಲ. ರೀಲು ಹಾಕಿದರೆ ಫೋಟೋ ತೆಗೆಯಬೇಕಾಗುತ್ತದೆ, ತೆಗೆದರೆ ತೊಳೆಸಬೇಕಾಗುತ್ತದೆ, ತೊಳೆಸಿದರೆ ಹೇಗೆ ಬಂದಿದೆ ಎಂದು ನಾಲ್ಕು ಜನ ನೋಡುತ್ತಾರೆ. ಈ ಅಪಾಯಗಳಿಗೆಲ್ಲ ಸಿಕ್ಕಿಹಾಕಿಕೊಳ್ಳದೆಯೇ ಫೋಟೋಗ್ರಾಫರ್ ಆಗುವ ದಾರಿಯನ್ನು ಚಿಕ್ಕಪ್ಪ ಕಂಡುಕೊಂಡಿದ್ದ. ಶನಿವಾರ ಬಂತೆಂದರೆ ಮೈಸೂರಿಗೆ ಹೋಗಿ ಕ್ಯಾಮೆರಾಕ್ಕೆ ಬೇಕಾದ ಯಾವುದಾದರೊಂದು ಅಗ್ಗದ ಸಾಮಾನು ತರುತ್ತಿದ್ದ.

ಮೊದಲು ಬಂದದ್ದು ಮೂರು ಕಾಲಿನ ಸ್ಟ್ಯಾಂಡು. ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಅದರ ಒಂದು ಕಾಲು ತನ್ನಷ್ಟಕ್ಕೆ ತಾನೇ ಒಳಗೆ ಸೇರಿಕೊಳ್ಳುತ್ತಿತ್ತು, ಅದಕ್ಕೇ ಅಗ್ಗ. ಆಮೇಲೆ ಬಂದ ಫ್ಲಾಶು ಸ್ವಿಚ್ಚು ಒತ್ತಿದರೆ ಸೊಳ್ಳೆಯ ಹಾಗೆ ಕುಂಯ್ಗುಟ್ಟುತ್ತ ಮನಸ್ಸು ಬಂದಾಗ ಹೊಡೆಯುತ್ತಿತ್ತು. ಒಳಗಡೆ ಬೆಳ್ಳಿಬಣ್ಣದ ಬಟ್ಟೆಯಿದ್ದ ಕೊಡೆಯೊಂದು ಬಂತು, ಒಂದು ಕಡ್ಡಿ ಮುರಿದದ್ದು. ಲೆನ್ಸಿನ ಧೂಳು ಊದುವ ರಬ್ಬರಿನ ಬುಡ್ಡೆ ತಂದ ದಿನ ಅಜ್ಜಿ ಅದನ್ನು ಎರಡು ಸಲ ಹಿಂಡಿ ನೋಡಿ, "ಇದು ಕೂಸುಗಳ ಸಿಂಬ್ಳ ತಗಿಯೋದಲ್ವೇನ್ಲಾ? ಮದ್ವೆಗೆ ಮುಂಚೇನೇ ಯಾಕ್ಲಾ ತಂದೆ?" ಎಂದಳು.

ಹನ್ನೆರಡು ಜೇಬಿನ ತೋಳಿಲ್ಲದ ಕೋಟೊಂದು ಬಂದ ಮೇಲಂತೂ ಚಿಕ್ಕಪ್ಪನ ನಡಿಗೆಯೇ ಬದಲಾಯಿತು. ಅದನ್ನು ತೊಟ್ಟು ಬಸ್ಸಿನಲ್ಲಿ ನಿಂತಿದ್ದಾಗ ಒಬ್ಬ ಮುದುಕಿ ಅವನನ್ನೇ ಕಂಡಕ್ಟರ್ ಎಂದುಕೊಂಡು ಪಿರಿಯಾಪಟ್ಟಣಕ್ಕೆ ಟಿಕೆಟ್ ಕೇಳಿದಳಂತೆ. ಇದನ್ನು ಹೇಳಿದ್ದು ಅವನಲ್ಲ, ಹಿಂದಿನ ಸೀಟಿನಲ್ಲಿ ಕೂತಿದ್ದ ಅಪ್ಪ.

ಆದರೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆಯಿದ್ದದ್ದು ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವ ಫಿಲ್ಟರುಗಳ ಮೇಲೆ. ಒಂದು ಗಾಜು ಹಾಕಿದರೆ ದೀಪ ನಕ್ಷತ್ರದ ಹಾಗೆ ಕಾಣುತ್ತಿತ್ತು. ಇನ್ನೊಂದು ಹಾಕಿದರೆ ಒಬ್ಬರೇ ಐದು ಜನ. ಮೂರನೆಯದು ಬರಿಯ ಗಾಜು. ಅದರ ಮೇಲೆ ಚಳಿಗಾಲದಲ್ಲಿ ತುಟಿಗೆ ಹಚ್ಚುವ ಮುಲಾಮು ಸವರಿದರೆ ಮುಖ ನಯವಾಗಿ ಬರುತ್ತದೆ ಎಂದು ಅಂಗಡಿಯವನು ಹೇಳಿಕೊಟ್ಟಿದ್ದನಂತೆ.

ಅಷ್ಟರಲ್ಲಿ ನನಗೆ ಕೆ.ಆರ್. ನಗರದ ಭೇರ್ಯದ ಕಡೆಯಿಂದ ಒಂದು ಸಂಬಂಧ ಬಂತು. ನಾಲೆಯ ನೀರು ಹರಿಯುವ ಜಮೀನಿನವರು. ಹುಡುಗನ ಫೋಟೋ ಮೊದಲೇ ಬಂದಿತ್ತು: ಸ್ಟುಡಿಯೋದ ಪರದೆಯ ಮುಂದೆ ಕೈ ಕಟ್ಟಿ ನಿಂತ, ತಲೆತುಂಬ ಕಪ್ಪು ಕೂದಲಿನ ಗಂಡು. ನಮ್ಮ ಕಡೆಯಿಂದಲೂ ಒಂದು ಕಳಿಸಬೇಕಿತ್ತು. ಪಿರಿಯಾಪಟ್ಟಣದ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಅಂದದ್ದೇ ತಡ, ಚಿಕ್ಕಪ್ಪ ಊಟದ ತಟ್ಟೆಯ ಮುಂದಿನಿಂದ ಎದ್ದೇಬಿಟ್ಟ.

"ಮನೇಲಿ ಇಷ್ಟೆಲ್ಲ ಮಡ್ಗಿವ್ನಿ, ಸ್ಟುಡಿಯೋಗೆ ಓಯ್ತೀಯಾ? ನನ್ ಮಾನ ಕಳೀಬೇಕು ಅಂತ್ಲೇ ಮಾಡೀಯಾ?"

ಮರುದಿನವೇ ರೀಲು ಬಂತು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಅವ್ವನ ಮದುವೆಯ ಸೀರೆ ಉಟ್ಟು ನಿಂತೆ. ಹಿಂದುಗಡೆ ಹಗ್ಗಕ್ಕೆ ನೀಲಿ ಹೊದಿಕೆ. ಸ್ಟ್ಯಾಂಡಿನ ಸುಳ್ಳು ಕಾಲಿಗೆ ಇಟ್ಟಿಗೆ ಕೊಟ್ಟಾಯಿತು. ಕಡ್ಡಿ ಮುರಿದ ಕೊಡೆಯನ್ನು ಚಿಕ್ಕಪ್ಪ ಅಪ್ಪನ ಕೈಗೆ ಕೊಟ್ಟು, ಬಿಸಿಲು ನನ್ನ ಮುಖದ ಮೇಲೆ ಬೀಳುವ ಹಾಗೆ ಹಿಡಿ ಎಂದ. ಅಪ್ಪ ಹಿಡಿದ. ಬಿಸಿಲು ನೇರ ಕಣ್ಣಿಗೇ ಬಿತ್ತು, ನೀರು ಸುರಿಯಿತು.

"ಅಳ್ಬ್ಯಾಡ ಮಗ. ನಗು. ಆದ್ರೆ ಅಲ್ಲು ಕಾಣ್ಬಾರ್ದು."

"ಅಳ್ತಾ ಇಲ್ಲ ಚಿಕ್ಕಪ್ಪ, ಕಣ್ಣು ಬುಡಕ್ಕಾಗ್ತಿಲ್ಲ."

"ಸ್ವಲ್ಪ ತಡ್ಕೊ. ಫ್ಲಾಶು ರೆಡಿ ಆಯ್ತಾದೆ."

ಫ್ಲಾಶು ಕುಂಯ್ ಎನ್ನುತ್ತಲೇ ಇತ್ತು. ಪೌಡರು ಬೆವರಿಗೆ ಕರಗಿ ಕತ್ತಿನವರೆಗೆ ಗೆರೆ ಮೂಡಿದ್ದವು. ಬೀದಿಯ ಹೆಂಗಸರು ಕೆಲಸ ಬಿಟ್ಟು ಬಂದು ಜಗಲಿಯ ಮೇಲೆ ಕೂತರು. ಚಿಕ್ಕಪ್ಪ ಒಂದೊಂದೇ ಫಿಲ್ಟರು ತಿರುಗಿಸಿ ಕೂರಿಸಿ, ಒಂದೊಂದಕ್ಕೂ ಹನ್ನೆರಡು ಸಲ ಕ್ಲಿಕ್ ಮಾಡಿದ. ಮೂವತ್ತಾರು ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಅಪ್ಪ ಕೊಡೆಯನ್ನು ಕೈಯಿಂದ ಕೈಗೆ ಬದಲಾಯಿಸುತ್ತಿದ್ದ.

ಫೋಟೋಗಳು ಬಂದವು. ಒಂದರಲ್ಲಿ ನಾವು ಐದು ಜನ ಅಕ್ಕತಂಗಿಯರಿದ್ದೆವು, ಎಲ್ಲರ ಕಣ್ಣೂ ಅರ್ಧ ಮುಚ್ಚಿತ್ತು. ಇನ್ನೊಂದರಲ್ಲಿ ನನ್ನ ಮೂಗುಬೊಟ್ಟಿನಿಂದ ಹೊರಟ ಬೆಳಕಿನ ಕಡ್ಡಿಗಳು ಎರಡೂ ಕೆನ್ನೆಗಳನ್ನು ಸೀಳಿಕೊಂಡು ಹೋಗಿದ್ದವು. ಮುಲಾಮು ಸವರಿದ ಗಾಜಿನದು ಮಾತ್ರ ಬೇರೆಯಾಗಿತ್ತು. ಮಂಜಿನೊಳಗಿಂದ ಹಾಲುಬಣ್ಣದ ಹುಡುಗಿಯೊಬ್ಬಳು ಎದ್ದು ಬರುತ್ತಿದ್ದಳು. ನನ್ನ ಗದ್ದದ ಗಾಯದ ಕಲೆ ಇರಲಿಲ್ಲ, ಅಪ್ಪನಿಂದ ಬಂದ ಕಪ್ಪೂ ಇರಲಿಲ್ಲ. ಮನೆಯವರೆಲ್ಲ ಅದಕ್ಕೇ ಮರುಳಾದರು. ಬೇರೆಯವರನ್ನು ಅಂದು ಏನು ಪ್ರಯೋಜನ, ನಾನೂ ಎರಡು ದಿನ ಅದನ್ನು ಪುಸ್ತಕದೊಳಗಿಟ್ಟುಕೊಂಡು ಕದ್ದು ಕದ್ದು ನೋಡಿದೆ. ಮೂರನೆಯ ದಿನ ಅದು ಭೇರ್ಯದ ಕಡೆಗೆ ಹೋಯಿತು.

ಹದಿನೈದು ದಿನಕ್ಕೆ ಅವರು ಬಂದರು: ಹುಡುಗ, ಅವನ ಅಪ್ಪ, ಅವ್ವ. ನಾನು ಉಪ್ಪಿಟ್ಟು, ಕಾಫಿ ಕೊಟ್ಟು ಚಾಪೆಯ ಮೇಲೆ ಕೂತೆ. ಹುಡುಗನ ಅವ್ವ ಪರ್ಸಿನಿಂದ ಫೋಟೋ ತೆಗೆದು ನನ್ನ ಕಿವಿಯ ಪಕ್ಕಕ್ಕೆ ಹಿಡಿದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. ಸಂತೆಯಲ್ಲಿ ಬಟ್ಟೆಯ ಅಂಚು ಹೊಂದಿಸುವ ಹಾಗೆ.

"ಇದು ನೀನೇನವ್ವಾ?"

"ನಾನೇ."

"ಇದ್ರಲ್ಲಿ ಬಣ್ಣ ಬ್ಯಾರೆ ಐತಲ್ಲ?"

ಅಪ್ಪ ತಲೆ ತಗ್ಗಿಸಿದ. ಚಿಕ್ಕಪ್ಪನಿಗೆ ಮಾತ್ರ ಅದು ಹೊಗಳಿಕೆಯ ಹಾಗೆ ಕೇಳಿಸಿತೋ ಏನೋ. ಹನ್ನೆರಡು ಜೇಬಿನ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದವನು ಮುಂದೆ ಬಂದ.

"ಅದು ಫಿಲ್ಟರ್ ಕಣಮ್ಮ. ನಾನೇ ತಗ್ದಿದ್ದು. ಈ ಮುಖಾನ ಅಂಗೆ ಬರ್ಸೋದು ಎಷ್ಟು ಕಷ್ಟ ಅಂತ ನಿಮ್ಗೆ ಗೊತ್ತಿಲ್ಲ. ಮೂವತ್ತಾರ್ರಲ್ಲಿ ಒಂದು ಬಂದದೆ!"

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಲೋಟ ಬಿದ್ದದ್ದು ಕೇಳಿಸಿತು. ನನ್ನ ಕಿವಿ ಕಾದವು. ತಲೆಯೆತ್ತಿ ಹುಡುಗನನ್ನು ನೋಡಿದೆ. ಸ್ಟುಡಿಯೋದವನು ಧಾರಾಳವಾಗಿ ಶಾಯಿಯಲ್ಲಿ ಬರೆದುಕೊಟ್ಟಿದ್ದ ಮುಂಗೂದಲು ಅವನ ಹಣೆಯ ಮೇಲೆಲ್ಲೂ ಇರಲಿಲ್ಲ.

"ನಿಮ್ಮ ಮಗನ ಫೋಟೋನೂ ನಾವು ನೋಡಿದ್ವಿ ಕಣಮ್ಮ," ಎಂದೆ. "ಅದ್ರಲ್ಲಿ ಕೂದ್ಲು ಇನ್ನೂ ಎರಡು ಹಿಡಿ ಜಾಸ್ತಿ ಇತ್ತು. ಅವು ಮನೇಲೇ ಉಳ್ಕಂಡ್ವಾ?"

ಹುಡುಗ ತನಗೇ ತಿಳಿಯದ ಹಾಗೆ ತಲೆ ಸವರಿಕೊಂಡ. ಅವನ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಹೆಂಡತಿ ದುರುಗುಟ್ಟಿದ ಮೇಲೆ ಕೆಮ್ಮಿದರು. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಅವರು ಹೊರಟಾಗ ಹುಡುಗನ ಅವ್ವ ಫೋಟೋವನ್ನು ಚಾಪೆಯ ಮೇಲೆ ಬೋರಲಾಗಿ ಇಟ್ಟು ಹೋದರು.

ಅವ್ವ ನನಗೆ ಬೈದಳು, ಅಪ್ಪ ಚಿಕ್ಕಪ್ಪನಿಗೆ ಬೈದ. ಚಿಕ್ಕಪ್ಪ ಒಬ್ಬನೇ ಯಾರಿಗೂ ಬೈಯಲಿಲ್ಲ. "ಅವ್ರಿಗೆ ಕಲೆ ಗೊತ್ತಿಲ್ಲ ಬುಡು. ಇನ್ನೂ ಒಳ್ಳೆ ಗಾಜು ಒಂದು ಬಂದದೆ, ಮುಂದಿನ ವಾರ ತತ್ತೀನಿ," ಎಂದ. ಬಂದವರ ಮುಂದೆ ಅವನು ಆಡಿದ ಮಾತಿಗೆ ನಾನು ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟೆ. ಫೋಟೋ ನನ್ನ ಹಾಗಿಲ್ಲ ಎಂದು ಅನ್ಯರು ಅಂದದ್ದನ್ನು ಮರೆಯಬಹುದಿತ್ತು. ನನ್ನನ್ನು ಎತ್ತಿ ಆಡಿಸಿದವನು ನನ್ನ ಮುಖವನ್ನೇ ಕಷ್ಟದ ಕೆಲಸ ಎಂದಿದ್ದ.

ತಿಂಗಳು ಕಳೆದ ಮೇಲೆ ಅವನನ್ನು ಕೇಳಿದ್ದು ಒಂದೇ: ಕ್ಯಾಮೆರಾ ಕೊಡು, ಬೇರೆ ಏನೂ ಬೇಡ. ರಾಜಿಯಾದರೆ ಸಾಕೆಂದು ಕೊಟ್ಟ. ಬೀದಿಯ ಮಕ್ಕಳಿಗೆ ಪಾಠ ಹೇಳಿ ಬಂದ ಹಣದಲ್ಲಿ ರೀಲು ತರಿಸಿ ಹಾಕಿದೆ. ಅವತ್ತು ಹೊಗೆಸೊಪ್ಪು ಕುಯ್ದು ತಂದಿದ್ದರು. ಸೋಗೆಯ ಚಪ್ಪರದ ಕೆಳಗೆ ಅವ್ವ ಕಾಲು ಚಾಚಿ ಕೂತು ಎಲೆಗಳನ್ನು ಒಣಗಿಸಲು ಕೋಲಿಗೆ ಕಟ್ಟುತ್ತಿದ್ದಳು. ಬೆರಳಿಗೆಲ್ಲ ಕಪ್ಪು ಅಂಟು, ಸೆರಗು ತಲೆಗೆ ಸುತ್ತಿತ್ತು. ಕರೆಯದೆ, ನಗು ಎನ್ನದೆ ತೆಗೆದೆ.

ತೊಳೆಸಿ ತಂದು ಕೊಟ್ಟಾಗ ಅವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಮದುವೆಯಲ್ಲಿ ತೆಗೆದದ್ದು ಬಿಟ್ಟರೆ ಅವಳು ತನ್ನ ಫೋಟೋ ನೋಡುತ್ತಿದ್ದದ್ದು ಅದೇ ಮೊದಲು.

"ನಾನು ಇಷ್ಟು ಬತ್ತೋಗಿವ್ನಾ?" ಎಂದಳು.

ಅವಳು ಮುಖ ತೊಳೆದು, ಗೌರಿ ಹಬ್ಬದ ಸೀರೆ ಉಟ್ಟು, ಹೂ ಮುಡಿದು ಬಂದು ಗೋಡೆಗೆ ಒರಗಿ ನೆಟ್ಟಗೆ ನಿಂತಳು. "ಈಗ ತಗಿ. ಆ ಫೋಟೋನ ಯಾರ್ಗೂ ತೋರಿಸ್ಬ್ಯಾಡ." ಹೊಸ ರೀಲು ಹಾಕಿ ತೆಗೆದೆ. ಮುಂದೆ ನನಗೆ ಅಂತರಸಂತೆಯ ಕಡೆ ಮದುವೆಯಾಯಿತು. ಅವರು ಫೋಟೋ ಕೇಳಿರಲೇ ಇಲ್ಲ. ಅವ್ವ ನೆಟ್ಟಗೆ ನಿಂತಿರುವ ಫೋಟೋ ತವರಿನ ನಡುಮನೆಯ ಗೋಡೆಯ ಮೇಲಿದೆ. ಎಲೆ ಕಟ್ಟುತ್ತ ಕೂತಿರುವ ಫೋಟೋವನ್ನು ನಾನು ಅವಳಿಗೆ ಹೇಳದೆ ಗಂಡನ ಮನೆಗೆ ತಂದುಕೊಂಡೆ.