ಲೈನ್‌ಮನ್ ದ್ಯಾವಯ್ಯನ ಎದೆ

ಪಾಳ್ಯದ ಲೈನ್‌ಮನ್ ದ್ಯಾವಯ್ಯನ ಮೀಸೆ ಅವನಿಗಿಂತ ಒಂದು ಮೊಳ ಮುಂದೆಯೇ ಕಂಬ ಹತ್ತುತ್ತದೆ. ಮಿಲಿಟರಿ ಸೆಲೆಕ್ಷನ್ನಿನಲ್ಲಿ ಎದೆ ಅರ್ಧ ಇಂಚು ಕಮ್ಮಿಯೆಂದು ವಾಪಸಾದವನು, ಇಪ್ಪತ್ತು ವರ್ಷವಾದರೂ ಎದೆ ಉಬ್ಬಿಸಿ ಉಸಿರು ಹಿಡಿದುಕೊಂಡೇ ಓಡಾಡುತ್ತಾನೆ. ಅದನ್ನು ಬಿಡುವುದು ನಿದ್ದೆಯಲ್ಲಿ ಮಾತ್ರ ಎಂದು ಹೆಂಡತಿ ನಗುತ್ತಾಳೆ. ಕಾರ್ಗಿಲ್ ಯುದ್ಧ ಶುರುವಾದ ಮೇಲಂತೂ, ಸುರಿಯುವ ಮಳೆಯಲ್ಲಿ ತಂತಿಯ ಮೇಲೆ ಬಿದ್ದ ಸಿಲ್ವರ್ ಓಕ್ ಮರವನ್ನು ಒಬ್ಬನೇ ಕಡಿದು ಹಾಕಿ, "ಅಲ್ಲಿ ಅವ್ರು, ಇಲ್ಲಿ ನಾವು ಕಣ್ರೀ" ಎನ್ನುತ್ತಾನೆ. ಆದರೆ ದಿನಾ ಸಂಜೆ, ಟೀವಿ ವಾರ್ತೆಗೆ ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ ಊರಿನ ಕರೆಂಟು ಹೋಗುತ್ತದೆ. "ಗಡಿಯಲ್ಲಿ ಹುಡುಗ್ರು ಸಾಯ್ತಾವ್ರೆ, ನಿಂಗೊಂದು ಫ್ಯೂಸ್ ಹಾಕಕ್ಕಾಗಲ್ವಾ? ನೀನೊಬ್ಬ ಗಂಡ್ಸೇನೋ?" ಎಂದು ಟೀ ಅಂಗಡಿಯವರು ಕೇಳಿದರೆ, "ಲೈನ್ ಹಳೇದು ಮಾರಾಯ" ಎಂದು ತಲೆ ತಗ್ಗಿಸುತ್ತಾನೆ. ಅವನೇ ಕಿತ್ತ ಫ್ಯೂಸು ಅವನ ಜೇಬಿನಲ್ಲೇ ಇರುತ್ತದೆ. ಟ್ರಾನ್ಸ್‌ಫಾರ್ಮರಿನ ಪಕ್ಕ ಕೊಡೆ ಹಿಡಿದು ಕೂತು, ರೇಡಿಯೋವನ್ನು ಕಿವಿಗೊತ್ತಿಕೊಂಡು, ಸತ್ತವರ ಹೆಸರುಗಳನ್ನು ಒಂದೂ ಬಿಡದೆ ಕೇಳುತ್ತಾನೆ. ಗಡಿಯಲ್ಲಿರುವ ಊರಿನ ಹುಡುಗ ಪ್ರದೀಪನ ಹೆಸರು ಅದರಲ್ಲಿಲ್ಲ ಎಂದು ಖಾತ್ರಿಯಾದ ಮೇಲೆ, ಎದೆಯಲ್ಲಿದ್ದ ಉಸಿರನ್ನೆಲ್ಲ ಬಿಟ್ಟು, ಪ್ರದೀಪನ ತಾಯಿ ಭೂತಮ್ಮನ ಟೀವಿಗೆ ಕರೆಂಟು ಕೊಡುತ್ತಾನೆ.